ಮೊದಲ ಬಾರಿಗೆ ಎರಡು ಪ್ರೊಸೆಸರ್‌ಗಳ ಡೆಸ್ಕ್‌ಟಾಪ್ ಕಟ್ಟುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮದುವೆ ವಿಡಿಯೊ ಸಂಕಲನ ಮಾಡುವವರು, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯಕ್ಕೆ ಇಳಿಸುವವರು ನನ್ನನ್ನು ಕೇಳುವ ಪ್ರಶ್ನೆಗಳಿವು. ಹೆಚ್ಚಿನವರು ಮಾತು ಶುರು ಮಾಡುವುದು ಪ್ರೊಸೆಸರ್‌ನಿಂದ: ‘ಇಪ್ಪತ್ತೆಂಟು ಕೋರ್ ಇಷ್ಟು ಅಗ್ಗಕ್ಕೆ ಸಿಗುತ್ತಿದೆ, ತೆಗೆದುಕೊಂಡುಬಿಡಲೇ?’ ತಡೆಯಿರಿ. ಈ ಬಗೆಯ ಯಂತ್ರದಲ್ಲಿ ಯಜಮಾನಿಕೆ ಮದರ್‌ಬೋರ್ಡಿನದು. ಉಳಿದೆಲ್ಲ ಭಾಗಗಳೂ ಅದು ಹೇಳಿದಂತೆ ಕೇಳಬೇಕು.

ಎರಡು ಪ್ರೊಸೆಸರ್ ಎಂದರೆ ಡ್ಯುಯಲ್ ಕೋರ್ ತಾನೆ?

ಅಲ್ಲ. ಡ್ಯುಯಲ್ ಕೋರ್ ಎಂದರೆ ಒಂದೇ ಚಿಪ್ಪಿನೊಳಗೆ ಎರಡು ಕೋರ್, ಅಂದರೆ ಲೆಕ್ಕ ಮಾಡುವ ಎರಡು ಘಟಕ. ಇಲ್ಲಿ ಮಾತನಾಡುತ್ತಿರುವುದು ಒಂದೇ ಬೋರ್ಡಿನ ಮೇಲೆ ಎರಡು ಸಾಕೆಟ್, ಎರಡು ಬೇರೆ ಬೇರೆ ಚಿಪ್, ಎರಡು ಕೂಲರ್ ಇರುವ ಯಂತ್ರದ ಬಗ್ಗೆ. ಒಂದು ಕಾಲಕ್ಕೆ ಇದು ಹವ್ಯಾಸಿಗಳ ಅಚ್ಚುಮೆಚ್ಚಿನ ಆಟವಾಗಿತ್ತು. 1999ರಲ್ಲಿ ಬಂದ ಎಬಿಟ್ ಬಿಪಿ6 ಎಂಬ ಬೋರ್ಡ್‌ನಲ್ಲಿ ಇಂಟೆಲ್‌ನ ಎರಡು ಅಗ್ಗದ ಸೆಲೆರಾನ್ ಪ್ರೊಸೆಸರ್‌ಗಳನ್ನು ಕೂರಿಸಿ ಜನ ಸಂಭ್ರಮಪಟ್ಟರು. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಮನೆಬಳಕೆಗೆ ಎರಡು ಕೋರ್‌ಗಳ ಚಿಪ್ ತಂದ ಮೇಲೆ ಆ ಆಟದ ಅಗತ್ಯ ಕಡಿಮೆಯಾಯಿತು. ಈಗ ಅದು ಮರುಜೀವ ಪಡೆದಿರುವುದಕ್ಕೆ ಕಾರಣ ಬೇರೆ: ದೊಡ್ಡ ಡೇಟಾ ಸೆಂಟರ್‌ಗಳು ತೆಗೆದು ಹಾಕುವ ಸರ್ವರ್ ಚಿಪ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ರಾಶಿಯಾಗಿ ಬರುತ್ತಿವೆ.

ನನಗೆ ನಿಜವಾಗಿಯೂ ಇದು ಬೇಕೇ?

ಬಹುತೇಕರಿಗೆ ಬೇಡ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಿಮ್ಮ ಕೆಲಸ ಹಂಚಿಕೊಳ್ಳಲು ಒಗ್ಗುತ್ತದೆಯೇ ಎಂಬುದನ್ನು ನೋಡಿ. ಐನೂರು ಪುಟಗಳ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದೀರಿ, ಟೆಸೆರಾಕ್ಟ್ ಎಂಬ ತಂತ್ರಾಂಶ ಬಳಸಿ ಪಠ್ಯ ತೆಗೆಯಬೇಕು ಎಂದುಕೊಳ್ಳಿ. ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಸಂಬಂಧವಿಲ್ಲ. ಇಪ್ಪತ್ತೆಂಟು ಕೋರ್‌ಗಳಿಗೆ ಇಪ್ಪತ್ತೆಂಟು ಪುಟ ಕೊಟ್ಟು ಕೂರಬಹುದು. (ಟೆಸೆರಾಕ್ಟ್ ತಾನಾಗಿಯೇ ಒಂದು ಪುಟಕ್ಕೆ ನಾಲ್ಕು ಎಳೆಗಳವರೆಗೆ, ಅಂದರೆ ಥ್ರೆಡ್‌ಗಳವರೆಗೆ, ಹೂಡುತ್ತದೆ. ಅದನ್ನು ಒಂದಕ್ಕೆ ಇಳಿಸಿ, ಹಲವು ಪುಟಗಳನ್ನು ಒಟ್ಟಿಗೆ ಓಡಿಸಿದರೆ ಒಟ್ಟು ಕೆಲಸ ಬೇಗ ಮುಗಿಯುತ್ತದೆ.) ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಪ್ರೊಸೆಸರ್ ಮೇಲೆ ಮಾಡುವ ರೆಂಡರಿಂಗ್, ದೊಡ್ಡ ಸಾಫ್ಟ್‌ವೇರ್‌ಗಳ ಕಂಪೈಲ್, ಗಾಳಿ ಮತ್ತು ದ್ರವದ ಹರಿವಿನ ಸಿಮ್ಯುಲೇಶನ್, ಒಂದೇ ಯಂತ್ರದಲ್ಲಿ ಹತ್ತಾರು ವರ್ಚುವಲ್ ಯಂತ್ರಗಳು, ಇವೆಲ್ಲ ಇದೇ ಜಾತಿಯವು.

ಹಂಚಲಾಗದ ಪಾಲು ಎಷ್ಟಿದೆ ಎಂಬುದೂ ಮುಖ್ಯ. ಜೀನ್ ಆಮ್ಡಾಲ್ 1967ರಲ್ಲೇ ಇದರ ಲೆಕ್ಕ ಹೇಳಿದ್ದರು: ಕೆಲಸದ ಹತ್ತರಲ್ಲೊಂದು ಪಾಲು ಒಂದಾದ ಮೇಲೆ ಒಂದರಂತೆಯೇ ನಡೆಯಬೇಕಿದ್ದರೆ, ನೀವು ಸಾವಿರ ಕೋರ್ ಹಾಕಿದರೂ ಒಟ್ಟು ವೇಗ ಹತ್ತು ಪಟ್ಟನ್ನು ದಾಟುವುದಿಲ್ಲ.

ಮದುವೆ ವಿಡಿಯೊ ಸಂಕಲನಕಾರರಿಗೆ ನನ್ನ ಉತ್ತರ ಯಾವಾಗಲೂ ‘ಬೇಡ’. ಈ ಜೋಡಿಗಳಲ್ಲಿ ಬಳಸುವ ಝಿಯಾನ್ ಎಂಬ ಇಂಟೆಲ್‌ನ ಹಳೆಯ ಸರ್ವರ್ ಚಿಪ್‌ಗಳಲ್ಲಿ ವಿಡಿಯೊ ಬಿಡಿಸುವ ಕ್ವಿಕ್ ಸಿಂಕ್ ಸೌಲಭ್ಯ ಇಲ್ಲ. ಟೈಮ್‌ಲೈನ್ ಸರಾಗವಾಗಿ ಓಡಲು ಬೇಕಾದದ್ದು ಒಂದೊಂದು ಕೋರ್‌ನ ವೇಗ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್. ಹೊಸ ಸಾಮಾನ್ಯ ಡೆಸ್ಕ್‌ಟಾಪ್ ಅವರಿಗೆ ಹೆಚ್ಚು ಹೊಂದುತ್ತದೆ.

ಇನ್ನೊಂದು ಕಹಿ ಸತ್ಯವೂ ಇದೆ. 2022ರಲ್ಲಿ ಬಂದ, ಎಎಂಡಿಯ 16 ಕೋರ್‌ಗಳ ರೈಜೆನ್ 9 7950ಎಕ್ಸ್ ಒಂದೇ ಒಂದು, ರೆಂಡರಿಂಗ್‌ನಂತಹ ಕೆಲಸದಲ್ಲಿ 14 ಕೋರ್‌ಗಳ ಎರಡು ಹಳೆಯ ಝಿಯಾನ್‌ಗಳನ್ನು ಹಿಂದೆ ಹಾಕುತ್ತದೆ, ಅದೂ ಕಡಿಮೆ ವಿದ್ಯುತ್ತಿನಲ್ಲಿ. ಹಾಗಾದರೆ ಜೋಡಿಯ ಆಕರ್ಷಣೆ ಏನು? ರ‍್ಯಾಮ್ ಸ್ಲಾಟ್‌ಗಳ ಸಂಖ್ಯೆ ಮತ್ತು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು, ಅಂದರೆ ಗ್ರಾಫಿಕ್ಸ್‌ನಂತಹ ಕಾರ್ಡ್‌ಗಳಿಗೆ ಮಾಹಿತಿ ಹರಿಯುವ ದಾರಿಗಳು. ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್, ಅವುಗಳಿಗೆ ಹೋಗುವ ದಾರಿ ಅಂದರೆ ಚಾನೆಲ್ ಎರಡು. ಝಿಯಾನ್ ಇ5 ಜೋಡಿಯಲ್ಲಿ ಎಂಟು ಚಾನೆಲ್, ಬೋರ್ಡಿಗೆ ತಕ್ಕಂತೆ ಎಂಟು, ಹದಿನಾರು ಅಥವಾ ಹೆಚ್ಚು ಸ್ಲಾಟ್, ಒಟ್ಟು 80 ಲೇನ್. ನಿಮಗೆ 256 ಜಿಬಿ ರ‍್ಯಾಮ್ ಬೇಕಿದ್ದರೆ ಅಥವಾ ಎರಡು ಮೂರು ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಪೂರ್ತಿ ದಾರಿ ಬೇಕಿದ್ದರೆ ಮುಂದೆ ಓದಿ. ಸರ್ವರ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂದು ಕೈಯಾರೆ ಕಲಿಯಬೇಕೆಂಬ ಹುಚ್ಚಿದ್ದರೂ ಓದಿ. ಅದು ಗೌರವದ ಕಾರಣವೇ.

ನನ್ನ ಬಳಿ ಒಂದು ಕೋರ್ ಐ7 ಇದೆ. ಇನ್ನೊಂದು ತಂದು ಜೋಡಿಸಬಹುದೇ?

ಸಾಧ್ಯವಿಲ್ಲ. ಎರಡು ಚಿಪ್‌ಗಳು ಪರಸ್ಪರ ಮಾತನಾಡಲು ವಿಶೇಷ ಕೊಂಡಿ ಬೇಕು. ಕೋರ್ ಐ7, ಐ9, ರೈಜೆನ್‌ಗಳಲ್ಲಿ ಅದಿಲ್ಲ. ಥ್ರೆಡ್‌ರಿಪ್ಪರ್ ಕೂಡ ಒಂಟಿ ಸಾಕೆಟ್‌ನದೇ.

ಹಾಗಾದರೆ ಯಾವ ಪ್ರೊಸೆಸರ್ ಕುಟುಂಬ ನೋಡಬೇಕು?

ಇಂಟೆಲ್ ಝಿಯಾನ್ ಇ5 ಸರಣಿಯಲ್ಲಿ ಹೆಸರೇ ಸುಳಿವು ಕೊಡುತ್ತದೆ. ಅಡ್ಡಗೆರೆಯ ನಂತರದ ಮೊದಲ ಅಂಕಿ, ಒಟ್ಟಿಗೆ ಎಷ್ಟು ಚಿಪ್‌ಗಳವರೆಗೆ ಕೆಲಸ ಮಾಡಬಹುದು ಎಂಬುದನ್ನು ಹೇಳುತ್ತದೆ. ಇ5-1650 ಒಂಟಿ, ಇ5-2680 ಜೋಡಿಗೆ ಆಗುತ್ತದೆ, ಇ5-4650 ನಾಲ್ಕರವರೆಗೆ. ಕೊನೆಯಲ್ಲಿ ಬರುವ ‘ವಿ3’, ‘ವಿ4’ ತಲೆಮಾರನ್ನು ಸೂಚಿಸುತ್ತವೆ. 2012ರ ಮೊದಲ ತಲೆಮಾರು ಮತ್ತು 2013ರ ವಿ2 ಡಿಡಿಆರ್3 ರ‍್ಯಾಮ್ ಕಾಲದವು, ಒಂದೇ ಏಟಿಗೆ ಹಲವು ಅಂಕಿಗಳ ಲೆಕ್ಕ ಮಾಡುವ ಎವಿಎಕ್ಸ್2 ಸೂಚನೆಗಳೂ ಅವುಗಳಲ್ಲಿ ಇಲ್ಲ. ಇಂದಿನ ಕೆಲವು ಸಾಫ್ಟ್‌ವೇರ್‌ಗಳು ಅವಿಲ್ಲದೆ ಏಳುವುದೇ ಇಲ್ಲ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಮೊದಲ ಸಲ ಕಟ್ಟುವವರಿಗೆ ನಾನು ಸೂಚಿಸುವುದು 2014ರ ವಿ3 ಅಥವಾ 2016ರ ವಿ4. ಇವು ಎಲ್‌ಜಿಎ 2011-3 ಸಾಕೆಟ್‌ನವು, ಡಿಡಿಆರ್4 ರ‍್ಯಾಮ್ ಬಳಸುತ್ತವೆ. ಇ5-2680 ವಿ4 ಹದವಾದ ಆಯ್ಕೆ: 14 ಕೋರ್, 2.4 ಗಿಗಾಹರ್ಟ್ಸ್ ಮೂಲವೇಗ, ಟರ್ಬೊದಲ್ಲಿ 3.3, 120 ವಾಟ್. ಕೋರ್ ಕಡಿಮೆಯಾದರೂ ವೇಗ ಬೇಕೆನ್ನುವವರಿಗೆ 8 ಕೋರ್‌ಗಳ, 3.2 ಗಿಗಾಹರ್ಟ್ಸ್‌ನ ಇ5-2667 ವಿ4 ಇದೆ. 22 ಕೋರ್‌ಗಳ ಇ5-2699 ವಿ4 ಕಣ್ಣಿಗೆ ಚೆಂದ, ಆದರೆ ಅದರ ಮೂಲವೇಗ 2.2ಕ್ಕೆ ಇಳಿಯುತ್ತದೆ.

ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ 2017ರ ಮೊದಲ ಅಥವಾ 2019ರ ಎರಡನೆಯ ತಲೆಮಾರಿನ ಝಿಯಾನ್ ಸ್ಕೇಲಬಲ್. ಎಲ್‌ಜಿಎ 3647 ಸಾಕೆಟ್, ಚಿಪ್ಪಿಗೆ ಆರು ರ‍್ಯಾಮ್ ಚಾನೆಲ್, 48 ಲೇನ್. ಎಎಂಡಿಯ ಸರ್ವರ್ ಚಿಪ್ ಎಪಿಕ್ ಕೂಡ ಒಳ್ಳೆಯದೇ, ಮೊದಲ ಮೂರು ತಲೆಮಾರುಗಳಲ್ಲಿ ಒಂದೊಂದಕ್ಕೆ ಎಂಟು ಚಾನೆಲ್. ಅಲ್ಲಿ ಎರಡು ಅಪಾಯಗಳಿವೆ. ಮಾದರಿ ಸಂಖ್ಯೆಯ ಕೊನೆಗೆ ‘ಪಿ’ ಇದ್ದರೆ ಅದು ಒಂಟಿ ಸಾಕೆಟ್‌ಗೆ ಮಾತ್ರ. ಜತೆಗೆ, ದೊಡ್ಡ ಸರ್ವರ್ ಕಂಪನಿಗಳ ಯಂತ್ರದಿಂದ ತೆಗೆದ ಕೆಲವು ಎಪಿಕ್‌ಗಳು ಭದ್ರತೆಯ ಹೆಸರಿನಲ್ಲಿ ಅದೇ ಕಂಪನಿಯ ಬೋರ್ಡ್‌ಗೆ ಬೀಗ ಹಾಕಲ್ಪಟ್ಟಿರುತ್ತವೆ. ಆ ಬೀಗ ತೆಗೆಯಲು ಬರುವುದಿಲ್ಲ. ಮಾರುವವನನ್ನು ಕೇಳದೆ ಎಪಿಕ್ ಕೊಳ್ಳಬೇಡಿ.

ಮೊದಲು ಯಾವ ಭಾಗಕ್ಕೆ ಹಣ ಕೊಡಬೇಕು?

ಮದರ್‌ಬೋರ್ಡ್‌ಗೆ. ಪ್ರೊಸೆಸರ್ ಈ ಮಾರುಕಟ್ಟೆಯಲ್ಲಿ ಹೇರಳವಾಗಿ, ಅಗ್ಗವಾಗಿ ಸಿಗುವ ಭಾಗ. ಚಿಪ್ಪಿಗೆ ಸವೆತವಿಲ್ಲ. ಬೋರ್ಡ್ ಹಾಗಲ್ಲ. ಕೆಡುವುದು ಅದು, ಪಿನ್ ಬಾಗುವುದು ಅದರಲ್ಲಿ, ಎರಡು ಸಾಕೆಟ್‌ನ ಒಳ್ಳೆಯ ಬೋರ್ಡ್‌ಗಳೇ ಅಪರೂಪ. ಎರಡು ಚಿಪ್ ಅಗ್ಗಕ್ಕೆ ತಂದು ಮೇಜಿನ ಮೇಲಿಟ್ಟು, ತಿಂಗಳುಗಟ್ಟಲೆ ಬೋರ್ಡ್ ಹುಡುಕುವವರು ಎಷ್ಟೋ ಜನ.

ಬೋರ್ಡ್ ನೋಡುವಾಗ ಗಮನಿಸಬೇಕಾದ್ದು ಇಷ್ಟು. ಅಳತೆ ಏನು? ಹೆಚ್ಚಿನವು ಎಸ್‌ಎಸ್‌ಐ-ಇಇಬಿ ಅಳತೆಯವು, ಅಂದರೆ 12 ಇಂಚು ಉದ್ದ, 13 ಇಂಚು ಅಗಲ. ಅಸುಸ್‌ನ ಝಡ್10ಪಿಇ-ಡಿ8 ಡಬ್ಲ್ಯೂಎಸ್ ಆ ಬಗೆಯದು. ಮೇಜಿನ ಯಂತ್ರಕ್ಕೆಂದೇ ಮಾಡಿದ್ದರಿಂದ ಧ್ವನಿ, ಯುಎಸ್‌ಬಿ ಎಲ್ಲವೂ ಇದೆ. ಸೂಪರ್‌ಮೈಕ್ರೊದ ಎಕ್ಸ್10ಡಿಆರ್‌ಎಲ್-ಐ ಸಾಮಾನ್ಯ ಎಟಿಎಕ್ಸ್ ಅಳತೆಯಲ್ಲೇ ಎರಡು ಸಾಕೆಟ್ ಹಿಡಿಸಿದೆ. ಹಾಗಾಗಿ ರ‍್ಯಾಮ್ ಸ್ಲಾಟ್ ಎಂಟಕ್ಕೆ ಇಳಿದಿದೆ, ಆದರೆ ಮನೆಯಲ್ಲಿರುವ ಕ್ಯಾಬಿನೆಟ್ಟೇ ಸಾಕಾಗಬಹುದು. ಸರ್ವರ್‌ಗೆಂದು ಮಾಡಿದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಧ್ವನಿಯೇ ಇರುವುದಿಲ್ಲ. ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದರೆ ಮುಗಿಯಿತು.

ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್ ಯಾವ ಆವೃತ್ತಿ ಎಂದು ತಪ್ಪದೆ ಕೇಳಿ. ವಿ3 ಕಾಲದಲ್ಲಿ ತಯಾರಾದ ಬೋರ್ಡ್‌ಗೆ ಹಳೆಯ ಬಯೋಸ್ ಇದ್ದರೆ ವಿ4 ಚಿಪ್ ಹಾಕಿದಾಗ ಪರದೆ ಬೆಳಗುವುದೇ ಇಲ್ಲ. ಬಯೋಸ್ ಹೊಸದು ಮಾಡಲು ಸಾಮಾನ್ಯವಾಗಿ ಒಂದು ವಿ3 ಚಿಪ್ ಬೇಕಾಗುತ್ತದೆ. ಮಾರುವವನೇ ಮಾಡಿಕೊಟ್ಟರೆ ನಿಮಗೆ ತಲೆನೋವಿಲ್ಲ.

ಚೀನಾದಿಂದ ಬರುವ, ‘ಎಕ್ಸ್99 ಡ್ಯುಯಲ್’ ಎಂದು ಮಾರುವ ಹೊಸ ಬೋರ್ಡ್‌ಗಳ ಬಗ್ಗೆಯೂ ಕೇಳುತ್ತಾರೆ. ಇಂಟೆಲ್‌ನ ಎಕ್ಸ್99 ಒಂಟಿ ಸಾಕೆಟ್‌ಗೆಂದು ಮಾಡಿದ ಚಿಪ್‌ಸೆಟ್ (ಬೋರ್ಡಿನ ಸಹಾಯಕ ಚಿಪ್), ಜೋಡಿ ಬೋರ್ಡ್‌ಗಳಿಗೆ ಇದ್ದದ್ದು ಸಿ612. ಆ ಬೋರ್ಡ್‌ಗಳು ಓಡುತ್ತವೆ, ಓಡಿಸುವವರೂ ಇದ್ದಾರೆ. ಆದರೆ ಕೈಪಿಡಿ, ಬಯೋಸ್ ಪರಿಷ್ಕರಣೆ, ವಾರಂಟಿ ಮೂರನ್ನೂ ದೇವರ ಮೇಲೆ ಬಿಡಬೇಕು. ಮೊದಲ ಯಂತ್ರಕ್ಕೆ ನಾನಾದರೆ ಸರ್ವರ್ ಕಂಪನಿಯ ಹಳೆಯ ಬೋರ್ಡನ್ನೇ ಆರಿಸುತ್ತೇನೆ.

ಎರಡು ಪ್ರೊಸೆಸರ್‌ಗಳೂ ಒಂದೇ ಮಾದರಿಯವಾಗಿರಬೇಕೇ?

ಹೌದು. ಮಾದರಿ ಒಂದೇ ಆಗಿರಬೇಕು, ಚಿಪ್ಪಿನ ಬೆನ್ನಿನ ಲೋಹದ ಮೇಲೆ ಕೆತ್ತಿರುವ ಐದಕ್ಷರದ ‘ಎಸ್‌ಆರ್’ ಸಂಕೇತವೂ ಒಂದೇ ಇದ್ದರೆ ಕ್ಷೇಮ. ‘ಎಸ್‌ಆರ್’ ಬದಲು ‘ಕ್ಯೂ’ನಿಂದ ಆರಂಭವಾಗುವ ಸಂಕೇತವೋ, ‘ಇಂಟೆಲ್ ಕಾನ್ಫಿಡೆನ್ಶಿಯಲ್’ ಎಂಬ ಬರಹವೋ ಕಂಡರೆ ಅದು ಪರೀಕ್ಷೆಗೆಂದು ಮಾಡಿದ ಮಾದರಿ ಚಿಪ್. ಅಂಗಡಿಯವರು ‘ಎರಡೂ ಒಂದೇ ಸಾರ್’ ಎನ್ನುತ್ತಾರೆ. ನಯವಾಗಿ ನಕ್ಕು ಹಿಂತಿರುಗಿಸಿ.

ರ‍್ಯಾಮ್ ಹೇಗೆ ಆರಿಸಬೇಕು? ಹಳೆಯ ಕಂಪ್ಯೂಟರ್‌ನ ಡಿಡಿಆರ್4 ಹಾಕಬಹುದೇ?

ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮನೆಯ ಡೆಸ್ಕ್‌ಟಾಪ್‌ನಲ್ಲಿರುವುದು ಯುಡಿಮ್. ಸರ್ವರ್ ಬೋರ್ಡ್ ಬಯಸುವುದು, ನೆನಪಿನಲ್ಲಾಗುವ ತಪ್ಪನ್ನು ತಿದ್ದಿಕೊಳ್ಳುವ ರಿಜಿಸ್ಟರ್ಡ್ ಇಸಿಸಿ, ಅಂದರೆ ಆರ್‌ಡಿಮ್. ಎರಡೂ ಡಿಡಿಆರ್4 ಆದ್ದರಿಂದ ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತವೆ, ಆದರೆ ಈ ಬೋರ್ಡ್‌ಗಳಲ್ಲಿ ಯುಡಿಮ್ ಸಾಮಾನ್ಯವಾಗಿ ನಡೆಯುವುದಿಲ್ಲ. ಎಲ್‌ಆರ್‌ಡಿಮ್ ಎಂಬ ಮೂರನೆಯ ಜಾತಿಯೂ ಇದೆ, ದೊಡ್ಡ ಗಾತ್ರಗಳಲ್ಲಿ ಸಿಗುತ್ತದೆ. ಒಂದು ಬೋರ್ಡ್‌ನಲ್ಲಿ ಆರ್‌ಡಿಮ್ ಹಾಕಿದರೆ ಎಲ್ಲವೂ ಆರ್‌ಡಿಮ್, ಎಲ್‌ಆರ್‌ಡಿಮ್ ಹಾಕಿದರೆ ಎಲ್ಲವೂ ಅದೇ. ಬೆರಕೆ ನಡೆಯುವುದಿಲ್ಲ.

ಪ್ರತಿ ರ‍್ಯಾಮ್ ಪಟ್ಟಿಯ ಮೇಲಿನ ಬಿಳಿ ಚೀಟಿಯನ್ನು ಓದಲು ಕಲಿಯಿರಿ. ‘2ಆರ್‌ಎಕ್ಸ್4 ಪಿಸಿ4-2400ಟಿ’ ಎಂದು ಬರೆದು ಒಂದು ಅಡ್ಡಗೆರೆ ಇರುತ್ತದೆ. ಆ ಗೆರೆಯ ನಂತರ ಬರುವ ಅಕ್ಷರ ಇಂಗ್ಲಿಷಿನ ‘ಆರ್’ ಆಗಿದ್ದರೆ ರಿಜಿಸ್ಟರ್ಡ್, ‘ಎಲ್’ ಆಗಿದ್ದರೆ ಎಲ್‌ಆರ್‌ಡಿಮ್, ‘ಯು’ ಅಥವಾ ‘ಇ’ ಆಗಿದ್ದರೆ ಸರ್ವರ್ ಬೋರ್ಡ್‌ಗೆ ಬೇಡವಾದದ್ದು. ಅಂಗಡಿಯಾತನ ಮಾತಿಗಿಂತ ಈ ಚೀಟಿಯ ಮೇಲೆ ನಂಬಿಕೆ ಇಡಿ.

ಎಷ್ಟು ಪಟ್ಟಿ? ಪ್ರತಿ ಪ್ರೊಸೆಸರ್ ತನ್ನ ಪಕ್ಕದ ಸ್ಲಾಟ್‌ಗಳನ್ನು ತಾನೇ ನೋಡಿಕೊಳ್ಳುತ್ತದೆ. ಎಲ್ಲ ರ‍್ಯಾಮನ್ನೂ ಒಂದೇ ಕಡೆ ತುಂಬಿದರೆ ಇನ್ನೊಂದು ಚಿಪ್ ಪ್ರತಿ ಬಾರಿ ನಡುವಿನ ಕೊಂಡಿ ದಾಟಿ ಬರಬೇಕು. ಸ್ವಂತ ಅಡುಗೆಮನೆಯ ಡಬ್ಬಿ ತೆಗೆಯುವುದಕ್ಕೂ ಸಕ್ಕರೆಗೆಂದು ಪಕ್ಕದ ಮನೆಯ ಬಾಗಿಲು ತಟ್ಟುವುದಕ್ಕೂ ಇರುವ ವ್ಯತ್ಯಾಸ ಇದು. ಇದಕ್ಕೆ ನ್ಯೂಮಾ ಎನ್ನುತ್ತಾರೆ. ವಿ4 ಚಿಪ್ಪಿಗೆ ನಾಲ್ಕು ಚಾನೆಲ್, ಒಂದು ಚಾನೆಲ್‌ಗೆ 2400ರ ವೇಗದಲ್ಲಿ ಸೆಕೆಂಡಿಗೆ 19.2 ಜಿಬಿ. ಒಂದೇ ಪಟ್ಟಿ ಹಾಕಿದರೆ ಅಷ್ಟೇ ಸಿಗುತ್ತದೆ, ನಾಲ್ಕು ಹಾಕಿದರೆ 76.8. ಆದ್ದರಿಂದ 32 ಜಿಬಿಯ ಎರಡು ಪಟ್ಟಿಗಿಂತ 8 ಜಿಬಿಯ ಎಂಟು ಪಟ್ಟಿ ಮೇಲು. ಮುಂದೆ ವಿಸ್ತರಿಸುವ ಆಸೆಯಿದ್ದರೆ 16 ಜಿಬಿಯ ಎಂಟು ತಂದು, ನಾಲ್ಕು ನಾಲ್ಕಾಗಿ ಹಂಚಿ. ಯಾವ ಬಣ್ಣದ ಸ್ಲಾಟ್ ಮೊದಲು ಎಂಬುದನ್ನು ಕೈಪಿಡಿಯಲ್ಲೇ ನೋಡಿ, ಊಹಿಸಬೇಡಿ.

ಎಐ ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸಬೇಕೆನ್ನುವವರು ಈಗ ಹೆಚ್ಚಾಗಿದ್ದಾರೆ. ಅಲ್ಲಿ ರ‍್ಯಾಮ್ ಗಾತ್ರದಷ್ಟೇ ಈ ಹರಿವಿನ ವೇಗವೂ ಮುಖ್ಯ. ಎರಡು ಚಿಪ್ ಸೇರಿ ಕಾಗದದ ಮೇಲೆ ಸೆಕೆಂಡಿಗೆ 153.6 ಜಿಬಿ ಆಗುತ್ತದೆ. ನ್ಯೂಮಾ ಕಾರಣದಿಂದ ಅಷ್ಟೂ ಕೈಗೆ ಬರುವುದಿಲ್ಲ.

ಕ್ಯಾಬಿನೆಟ್ ಯಾವುದಾದರೂ ಆದೀತೇ?

‘ಇ-ಎಟಿಎಕ್ಸ್ ಹಿಡಿಯುತ್ತದೆ’ ಎಂಬ ಬರಹ ನೋಡಿ ಕೊಳ್ಳಬೇಡಿ. ಇ-ಎಟಿಎಕ್ಸ್ ಮತ್ತು ಎಸ್‌ಎಸ್‌ಐ-ಇಇಬಿ ಹೊರ ಅಳತೆಯಲ್ಲಿ ಒಂದೇ ಆದರೂ ತಿರುಪಿನ ತೂತುಗಳ ಜಾಗ ಬೇರೆ. ಬೋರ್ಡಿನ ಕೆಳಗೆ, ತೂತಿಲ್ಲದ ಕಡೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಗುಬ್ಬಿಯೊಂದು (ಸ್ಟ್ಯಾಂಡ್‌ಆಫ್) ಉಳಿದುಬಿಟ್ಟರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ವಿವರಪಟ್ಟಿಯಲ್ಲಿ ‘ಎಸ್‌ಎಸ್‌ಐ-ಇಇಬಿ’ ಎಂದೇ ಬರೆದಿರಬೇಕು. ಫ್ಯಾಂಟೆಕ್ಸ್ ಎಂಥೂ ಪ್ರೊ 2 ಅಂತಹದ್ದು.

ಕೂಲರ್ ಎರಡು ಬೇಕೇ? ಸರ್ವರ್‌ನದೇ ಬಳಸಬಹುದೇ?

ಎರಡು ಬೇಕು. ಸರ್ವರ್‌ನಿಂದ ಬಿಚ್ಚಿದ, ಫ್ಯಾನ್ ಇಲ್ಲದ ಚಪ್ಪಟೆ ಲೋಹದ ತುಂಡುಗಳನ್ನು ಚಿಪ್ ಜತೆ ಉಚಿತವಾಗಿ ಕೊಡುತ್ತಾರೆ. ಅವು ಸರ್ವರ್ ಪೆಟ್ಟಿಗೆಯ ಅಬ್ಬರದ ಗಾಳಿಗೆಂದು ಮಾಡಿದವು, ಮನೆಯ ಕ್ಯಾಬಿನೆಟ್‌ನಲ್ಲಿ ಕೆಲಸಕ್ಕೆ ಬಾರವು.

ಎಲ್‌ಜಿಎ 2011 ಬೋರ್ಡ್‌ಗಳಲ್ಲಿ ಕೂಲರ್ ಹಿಡಿಯುವ ಚೌಕಟ್ಟು ಎರಡು ಬಗೆ: ಚೌಕ, ಅಂದರೆ ತಿರುಪುಗಳ ನಡುವೆ 80 ಮಿ.ಮೀ. ಎರಡೂ ಕಡೆ, ಮತ್ತು ಕಿರಿದು, 56 ಮತ್ತು 94 ಮಿ.ಮೀ. ಬೋರ್ಡ್ ಯಾವುದೆಂದು ಸ್ಕೇಲ್ ಹಿಡಿದು ಅಳೆದು ಅದಕ್ಕೆ ತಕ್ಕ ಕೂಲರ್ ತನ್ನಿ. ನಾಕ್ಟುವಾದ ಎನ್‌ಎಚ್-ಯು12ಡಿಎಕ್ಸ್ ಐ4 ಎರಡಕ್ಕೂ ಹೊಂದುತ್ತದೆ. ಎರಡು ಸಾಕೆಟ್ ಒಂದರ ಹಿಂದೆ ಒಂದು ಇರುವ ಬೋರ್ಡ್ ಆದರೆ, ಮೊದಲನೆಯದು ಬಿಸಿ ಮಾಡಿದ ಗಾಳಿಯೇ ಎರಡನೆಯದಕ್ಕೆ ಹೋಗುತ್ತದೆ. ಹಿಂದಿನ ಚಿಪ್ ಕೆಲವು ಡಿಗ್ರಿ ಹೆಚ್ಚು ಬಿಸಿ ಇದ್ದರೆ ಗಾಬರಿ ಬೇಡ.

ಸರ್ವರ್ ಬೋರ್ಡ್‌ನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ: ಫ್ಯಾನ್‌ಗಳು ಮೌನವಾಗಿ ತಿರುಗುತ್ತಿದ್ದು, ಇದ್ದಕ್ಕಿದ್ದಂತೆ ಭೋರ್ಗರೆದು, ಮತ್ತೆ ತಣ್ಣಗಾಗುತ್ತವೆ. ಕೆಟ್ಟಿಲ್ಲ. ನಿಧಾನವಾಗಿ ತಿರುಗುವ ಮನೆಯ ಫ್ಯಾನನ್ನು ನೋಡಿ ಬೋರ್ಡಿನ ಕಾವಲು ಚಿಪ್ ‘ಫ್ಯಾನ್ ಸತ್ತಿದೆ’ ಎಂದುಕೊಂಡು ಎಲ್ಲವನ್ನೂ ಪೂರ್ಣ ವೇಗಕ್ಕೆ ಒಯ್ಯುತ್ತದೆ. ಆ ಕಾವಲು ಚಿಪ್ಪಿನೊಂದಿಗೆ ಮಾತನಾಡುವ ಐಪಿಎಂಐ ವ್ಯವಸ್ಥೆಯ ಮೂಲಕ ಫ್ಯಾನ್ ವೇಗದ ಕನಿಷ್ಠ ಮಿತಿಯನ್ನು ಇಳಿಸಿದರೆ ಸರಿಹೋಗುತ್ತದೆ.

ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಎಷ್ಟು ವಾಟ್?

120 ವಾಟ್‌ನ ಎರಡು ಚಿಪ್ ಸೇರಿ 240. ಎಂಟು ರ‍್ಯಾಮ್ ಪಟ್ಟಿಗೆ ಸುಮಾರು 30. ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ 60 ಎಂದಿಡಿ. ಆರ್‌ಟಿಎಕ್ಸ್ 3060ರಂತಹ ಗ್ರಾಫಿಕ್ಸ್ ಕಾರ್ಡ್‌ಗೆ 170. ಒಟ್ಟು 500. 750 ವಾಟ್‌ನ, ದಕ್ಷತೆಯಲ್ಲಿ 80 ಪ್ಲಸ್ ಗೋಲ್ಡ್ ದರ್ಜೆಯದು ಸಾಕು. ವಾಟ್‌ಗಿಂತ ಮುಖ್ಯವಾದದ್ದು ಪ್ರೊಸೆಸರ್‌ಗೆ ಹೋಗುವ ಎಂಟು ಪಿನ್‌ನ ಇಪಿಎಸ್ ತಂತಿ ಎರಡು ಇವೆಯೇ ಎಂಬುದು. ಒಂದೇ ಇದ್ದರೆ ‘ಕನ್ವರ್ಟರ್ ಹಾಕಿಕೊಡುತ್ತೇವೆ’ ಎನ್ನುತ್ತಾರೆ. ಡಿಸ್ಕ್‌ಗೆಂದು ಇರುವ ತೆಳು ತಂತಿಯಿಂದ 120 ವಾಟ್ ಎಳೆಯುವ ಸಾಹಸ ಬೇಡ.

ಮನೆಯ ಇನ್‌ವರ್ಟರ್ ಸಾಲದೇ? ಯುಪಿಎಸ್ ಬೇರೆ ಬೇಕೇ?

600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಈ ಯಂತ್ರ ಪೂರ್ತಿ ದುಡಿಯುತ್ತಿರುವಾಗ ಕರೆಂಟ್ ಹೋದರೆ ಅದು ಕೀಂಯ್ ಎಂದು ಕೈಚೆಲ್ಲುತ್ತದೆ. ಕನಿಷ್ಠ 600 ವಾಟ್ ಕೊಡಬಲ್ಲದ್ದು ನೋಡಿ, ಪೆಟ್ಟಿಗೆಯ ಮೇಲಿನ ವಿಎ ಅಲ್ಲ, ವಾಟ್ ಓದಿ. ಹೊಸ ಎಸ್‌ಎಂಪಿಎಸ್‌ಗಳು ಶುದ್ಧ ಸೈನ್ ಅಲೆಯನ್ನು ಬಯಸುತ್ತವೆ, ಅಗ್ಗದ ಯುಪಿಎಸ್‌ನ ಮೆಟ್ಟಿಲು ಅಲೆಗೆ ಕೆಲವು ಮುನಿಸಿಕೊಂಡು ಆರಿಹೋಗುತ್ತವೆ.

ಇನ್‌ವರ್ಟರ್ ಸೈನ್ ಅಲೆಯದಾಗಿದ್ದು, ‘ಯುಪಿಎಸ್ ಮೋಡ್’ ಗುಂಡಿ ಇದ್ದರೆ ಬಳಸಬಹುದು. ಆ ಗುಂಡಿ ಒತ್ತದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ. ಎಸ್‌ಎಂಪಿಎಸ್ ತನ್ನ ಬಲದಲ್ಲಿ ತಾಳುವುದು ಸುಮಾರು 16 ಮಿಲಿಸೆಕೆಂಡ್ ಅಷ್ಟೇ.

ಅರ್ತಿಂಗ್ ಪರೀಕ್ಷಿಸಿ. ಅಗ್ರಹಾರ, ಲಷ್ಕರ್ ಮೊಹಲ್ಲಾದಂತಹ ಹಳೆಯ ಬಡಾವಣೆಗಳ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದರ ಹಿಂದೆ ತಂತಿಯೇ ಇರದೆ ಹೋಗಬಹುದು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದು ಯಾವ ಸರ್ಜ್ ಪ್ರೊಟೆಕ್ಟರ್‌ಗಿಂತಲೂ ಮೇಲು.

ಕರೆಂಟ್ ಬಿಲ್ ಎಷ್ಟು ಏರುತ್ತದೆ? ಗೃಹಜ್ಯೋತಿ ತಪ್ಪಿಹೋಗುತ್ತದೆಯೇ?

ತಪ್ಪುವ ಸಾಧ್ಯತೆ ಖಂಡಿತ ಇದೆ. ಸುಮ್ಮನೆ ಉರಿಯುತ್ತಿರುವಾಗ ಯಂತ್ರ 120 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ ಹತ್ತು ಗಂಟೆ ಎಂದರೆ 1.2 ಯೂನಿಟ್, ತಿಂಗಳಿಗೆ 36. ರೆಂಡರಿಂಗ್‌ನಲ್ಲಿ 400 ವಾಟ್, ದಿನಕ್ಕೆ ಎಂಟು ಗಂಟೆ ಎಂದರೆ 3.2 ಯೂನಿಟ್, ತಿಂಗಳಿಗೆ 96. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮನೆಯ ಬಳಕೆ ಈಗಾಗಲೇ 120ರ ಆಸುಪಾಸಿನಲ್ಲಿದ್ದರೆ ಗೆರೆ ದಾಟುವುದು ಈ ಯಂತ್ರದಿಂದಲೇ. ಸೆಸ್ಕ್‌ನ ಹಿಂದಿನ ಕೆಲವು ತಿಂಗಳ ಬಿಲ್‌ಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಮನೆಯ ಹಿರಿಯರಿಗೆ ಮೊದಲೇ ತಿಳಿಸುವುದು ಇನ್ನೂ ಒಳ್ಳೆಯದು.

ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ?

ಝಿಯಾನ್ ಇ5ನಲ್ಲಿ ಗ್ರಾಫಿಕ್ಸ್ ಇಲ್ಲ. ಸರ್ವರ್ ಬೋರ್ಡಿನ ವಿಜಿಎ ಕಿಂಡಿ ಬಯೋಸ್ ನೋಡುವುದಕ್ಕೆ ಸಾಕು, ದಿನಬಳಕೆಗೆ ಸಾಲದು. ಒಂದೇ ಕಾರ್ಡ್ ಇದ್ದರೆ ಮೊದಲ ಪ್ರೊಸೆಸರ್‌ಗೆ ಸೇರಿದ ಸ್ಲಾಟ್‌ನಲ್ಲಿ ಹಾಕಿ. ಸಿ612 ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕಿಂಡಿಗಳು ಹತ್ತರವರೆಗೆ ಇರುತ್ತವೆ, ವೇಗದ ಎಸ್‌ಎಸ್‌ಡಿ ಕೂರುವ ಎಂ.2 ಇರುವುದು ಕಡಿಮೆ. ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಮೇಲೆ ಎನ್‌ವಿಎಂಇ ಬಗೆಯ ವೇಗದ ಎಸ್‌ಎಸ್‌ಡಿ ಕೂರಿಸಬಹುದು. ಅದರಿಂದಲೇ ಬೂಟ್ ಆಗುತ್ತದೆಯೇ ಎಂಬುದು ಬಯೋಸ್ ಮೇಲೆ ನಿಂತಿದೆ. ಅನುಮಾನವಿದ್ದರೆ ಬೂಟ್‌ಗೆ ಒಂದು ಸಣ್ಣ ಸಾಟಾ ಎಸ್‌ಎಸ್‌ಡಿ ಇಡಿ.

ಭಾಗಗಳು ಎಲ್ಲಿ ಸಿಗುತ್ತವೆ? ಕೊಳ್ಳುವಾಗ ಏನು ನೋಡಬೇಕು?

ಕ್ಯಾಬಿನೆಟ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಯುಪಿಎಸ್‌ಗಳನ್ನು ಮೈಸೂರಿನಲ್ಲೇ ಬಿಲ್ ಸಮೇತ ಕೊಳ್ಳಿ. ಕೆಟ್ಟರೆ ಹೋಗಿ ಕೇಳಲು ಅಂಗಡಿ ಹತ್ತಿರ ಇರಬೇಕು. ಬೋರ್ಡ್, ಝಿಯಾನ್, ಆರ್‌ಡಿಮ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಬೆಳಗಿನ ರೈಲು ಹಿಡಿದರೆ ಸಂಜೆಗೆ ವಾಪಸ್ ಬರಬಹುದು, ಮಂಡ್ಯದವರಿಗೆ ಇನ್ನೂ ಹತ್ತಿರ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಗೆ ಹೋಗಿ ನಡೆಯಿರಿ. ಅಲಿಎಕ್ಸ್‌ಪ್ರೆಸ್ ಆ್ಯಪ್ ಭಾರತದಲ್ಲಿ 2020ರ ನವೆಂಬರ್‌ನಿಂದ ನಿಷೇಧದಲ್ಲಿದೆ. ಬೇರೆ ವಿದೇಶಿ ತಾಣಗಳಿಂದ ತರಿಸಿದರೆ ಸುಂಕವೂ ಸೇರಿ ಬೆಲೆ ಬೇರೆಯೇ ಆಗುತ್ತದೆ.

ಬೋರ್ಡ್ ಕೈಗೆ ಬಂದೊಡನೆ ಸಾಕೆಟ್‌ನ ಮುಚ್ಚಳ ತೆಗೆಸಿ. ಈ ಸಾಕೆಟ್‌ಗಳಲ್ಲಿ ಪಿನ್ ಇರುವುದು ಬೋರ್ಡ್‌ನಲ್ಲಿ, ಎರಡು ಸಾವಿರಕ್ಕೂ ಹೆಚ್ಚು. ಮೊಬೈಲ್ ಟಾರ್ಚನ್ನು ಬೋರ್ಡಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಪಿನ್‌ಗಳ ತುದಿಗಳು ಸಾಲುಸಾಲಾಗಿ ಒಂದೇ ಬಗೆಯಲ್ಲಿ ಮಿನುಗಬೇಕು. ಬಾಗಿದ ಪಿನ್ ಇದ್ದ ಕಡೆ ಆ ಸಾಲಿನಲ್ಲೊಂದು ಕಪ್ಪು ಚುಕ್ಕೆಯೋ ತಪ್ಪು ದಿಕ್ಕಿನ ಹೊಳಪೋ ಕಾಣುತ್ತದೆ. ಬೋರ್ಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ, ನಾಲ್ಕೂ ದಿಕ್ಕಿನಿಂದ. ಇನ್ನೊಬ್ಬರ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ಎರಡನೆಯ ಸಾಕೆಟ್ ನೋಡುವುದನ್ನು ಮರೆಯಬೇಡಿ, ಬಹಳ ಜನ ಮೊದಲನೆಯದನ್ನು ನೋಡಿ ತೃಪ್ತರಾಗಿಬಿಡುತ್ತಾರೆ. ಒಂದು ಪಿನ್ ಬಾಗಿದ್ದರೂ ಒಂದು ರ‍್ಯಾಮ್ ಚಾನೆಲ್ ಕಾಣೆಯಾಗಬಹುದು.

ಅಂಗಡಿಯಲ್ಲೇ ಎರಡೂ ಚಿಪ್, ಎಲ್ಲ ರ‍್ಯಾಮ್ ಹಾಕಿಸಿ ಬಯೋಸ್ ತೋರಿಸಲು ಹೇಳಿ. ಪರದೆಯ ಮೇಲೆ ಎರಡು ಪ್ರೊಸೆಸರ್ ಮತ್ತು ಪೂರ್ತಿ ರ‍್ಯಾಮ್ ಕಂಡ ಮೇಲೆ ಹಣ ಎಣಿಸಿ. ‘ಟೆಸ್ಟಿಂಗ್ ವಾರಂಟಿ’ ಎಷ್ಟು ದಿನ ಎಂಬುದನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ವಿಂಡೋಸ್ ನಡೆಯುತ್ತದೆಯೇ?

ವಿಂಡೋಸ್ ಹೋಮ್ ಒಂದೇ ಪ್ರೊಸೆಸರ್ ಗುರುತಿಸುತ್ತದೆ, ಇನ್ನೊಂದು ದಂಡ. ಪ್ರೊ ಆವೃತ್ತಿ ಎರಡನ್ನು ಬಳಸುತ್ತದೆ. ಝಿಯಾನ್ ಇ5 ಮಾತ್ರ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಬಗೆಯ ಡೆಬಿಯನ್ ಅಥವಾ ಉಬುಂಟು ಹಾಕಿ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ (lscpu) ಎಂದು ಟೈಪ್ ಮಾಡಿದರೆ ಸಾಕೆಟ್ ಎರಡು, ನ್ಯೂಮಾ ನೋಡ್ ಎರಡು ಎಂದು ತೋರಿಸಬೇಕು.

ಎಲ್ಲ ಜೋಡಿಸಿದೆ, ಗುಂಡಿ ಒತ್ತಿದೆ, ಪರದೆ ಕಪ್ಪಾಗಿದೆ!

ಕಾಯಿರಿ. ಸರ್ವರ್ ಬೋರ್ಡ್‌ಗಳು ರ‍್ಯಾಮ್ ಪರೀಕ್ಷೆ ಮುಗಿಸಿ ಏಳಲು ಕೆಲವು ನಿಮಿಷ ತೆಗೆದುಕೊಳ್ಳುವುದುಂಟು. ಪ್ಲಗ್ ಹಾಕಿದ ಕೂಡಲೇ ಗುಂಡಿಗೆ ಓಗೊಡದಿರುವುದೂ ಸಹಜ, ಕಾವಲು ಚಿಪ್ ಮೊದಲು ತಾನು ಎದ್ದು ಕುಳಿತುಕೊಳ್ಳಬೇಕು. ಮಾನಿಟರ್ ತಂತಿಯನ್ನು ಬೋರ್ಡಿನ ವಿಜಿಎಗೂ ಕಾರ್ಡ್‌ಗೂ ಬದಲಿಸಿ ನೋಡಿ. ಆದರೂ ಏನೂ ಕಾಣದಿದ್ದರೆ ಎರಡನೆಯ ಚಿಪ್ ತೆಗೆದು, ಮೊದಲ ಸಾಕೆಟ್‌ನಲ್ಲಿ ಒಂದು ಚಿಪ್, ಒಂದು ರ‍್ಯಾಮ್ ಪಟ್ಟಿ ಇಟ್ಟು ಎಬ್ಬಿಸಿ. ಅಲ್ಲಿಂದ ಒಂದೊಂದೇ ಸೇರಿಸುತ್ತ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಆಟ ಆಡಬಹುದೇ?

ಆಡಬಹುದು. ಇದರ ಅರ್ಧ ಬೆಲೆಯ ಯಂತ್ರದಲ್ಲಿ ಇದಕ್ಕಿಂತ ಚೆನ್ನಾಗಿ ಆಡಬಹುದು.

ಕಟ್ಟುವ ಬದಲು ರೆಡಿ ವರ್ಕ್‌ಸ್ಟೇಷನ್ ಕೊಂಡರೆ?

ಯಂತ್ರ ಬೇಕು, ಕಟ್ಟುವ ಸುಖ ಬೇಡ ಎನ್ನುವವರಿಗೆ ಅದೇ ಸರಿ. ಎಚ್‌ಪಿ ಝಡ್840, ಡೆಲ್ ಪ್ರಿಸಿಷನ್ ಟಿ7910 ಎರಡೂ ಇ5 ಜೋಡಿಯವು, ಗಟ್ಟಿಮುಟ್ಟಾದವು. ಬೋರ್ಡ್, ಎಸ್‌ಎಂಪಿಎಸ್ ಎಲ್ಲ ಆಯಾ ಕಂಪನಿಯ ಸ್ವಂತ ವಿನ್ಯಾಸ. ಕೆಟ್ಟರೆ ಅದೇ ಮಾದರಿಯ ಭಾಗ ಹುಡುಕಬೇಕು.

ದೂಳಿಗೆ ಏನು ಮಾಡುವುದು?

ಮುಂದಿನ ಜಾಲರಿಗೆ ಫಿಲ್ಟರ್ ಇರುವ ಕ್ಯಾಬಿನೆಟ್ ಕೊಳ್ಳಿ, ತಿಂಗಳಿಗೊಮ್ಮೆ ತೆಗೆದು ಕೊಡವಿ. ಮಂಡ್ಯದಲ್ಲಿ ಆಲೆಮನೆಯ ಹತ್ತಿರದ ಮನೆಯಾದರೆ ತಿಂಗಳು ಕಾಯಬೇಡಿ. ಅಲ್ಲಿಯ ನುಣುಪು ಬೂದಿ ಕೂಲರ್‌ನ ರೆಕ್ಕೆಗಳ ನಡುವೆ ಹೊಕ್ಕು ಕೂರುತ್ತದೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ಕ್ಯಾಬಿನೆಟ್‌ನ ಪಕ್ಕಕ್ಕೆ ಇಡಿ, ಗಾಳಿ ಎಳೆದುಕೊಳ್ಳುವ ಮುಂಭಾಗಕ್ಕಲ್ಲ.

ಈಗ ಒಂದೇ ಪ್ರೊಸೆಸರ್ ಹಾಕಿ, ಇನ್ನೊಂದನ್ನು ಮುಂದೆ ಕೊಳ್ಳಬಹುದೇ?

ಕೊಳ್ಳಬಹುದು, ಬೋರ್ಡ್ ಒಂಟಿ ಚಿಪ್ಪಿನಲ್ಲೂ ಓಡುತ್ತದೆ. ಖಾಲಿ ಸಾಕೆಟ್‌ಗೆ ಸೇರಿದ ರ‍್ಯಾಮ್ ಸ್ಲಾಟ್‌ಗಳು, ಪಿಸಿಐ ಸ್ಲಾಟ್‌ಗಳು ಮಾತ್ರ ಅಲ್ಲಿಯವರೆಗೆ ಸತ್ತಂತೆಯೇ ಇರುತ್ತವೆ. ಚಿಪ್ ಅಗ್ಗವಾದ್ದರಿಂದ ಈ ಉಳಿತಾಯ ದೊಡ್ಡದಲ್ಲ. ಹಾಗೆಂದು ನಿರ್ಧರಿಸಿದರೆ, ಖಾಲಿ ಸಾಕೆಟ್‌ನ ಪ್ಲಾಸ್ಟಿಕ್ ಮುಚ್ಚಳವನ್ನು ಹಾಕಿಯೇ ಇಡಿ.

ಕೆಲವು ವರ್ಷಗಳ ನಂತರ ಮಾರಬೇಕಾದರೆ?

ಇ5 ಸಾಕೆಟ್‌ನಲ್ಲಿ ವಿ4ಗಿಂತ ಮುಂದಿನ ತಲೆಮಾರು ಕೂರುವುದಿಲ್ಲ. ರ‍್ಯಾಮ್ ಸೇರಿಸಬಹುದು, ಗ್ರಾಫಿಕ್ಸ್ ಕಾರ್ಡ್ ಬದಲಿಸಬಹುದು, ಅಷ್ಟೇ. ಮಾರುವಾಗ ಬೋರ್ಡ್, ಜೋಡಿ ಚಿಪ್, ಕೂಲರ್, ರ‍್ಯಾಮ್ ಒಟ್ಟಾಗಿ ಕೊಟ್ಟರೆ ಬಿಡಿಬಿಡಿಯಾಗಿ ಕೊಡುವುದಕ್ಕಿಂತ ಬೇಗ ಹೋಗುತ್ತದೆ, ಏಕೆಂದರೆ ಓಡುತ್ತಿರುವ ಜೋಡಿಯನ್ನು ಕಣ್ಣಾರೆ ತೋರಿಸಬಹುದು. ಬಿಡಿಯಾಗಿ ಮಾರುವುದಾದರೆ ಬೋರ್ಡನ್ನೇ ಮೊದಲು ಮಾರಿ. ಚಿಪ್‌ಗಳಿಗೆ ಗಿರಾಕಿ ಇಲ್ಲದಿದ್ದರೂ ಅದಕ್ಕೆ ಇದ್ದೇ ಇರುತ್ತಾನೆ.